ಸರ್ವಮಂಗಳಾ ಮೇಡಂ ಅವರ ಎರಡನೇ ಕರೆ

ಸರ್ವಮಂಗಳಾ ಮೇಡಂ ಹಾಜರಿ ಕೂಗುವ ಮೊದಲು ಬೆಂಚಿನಿಂದ ಬೆಂಚಿಗೆ ಹೋಗಿ "ತಿಂಡಿ ಆತಾ?" ಎಂದು ಕೇಳುತ್ತಿದ್ದರು. ಇಲ್ಲ ಎಂದವರ ಕತೆ ಮುಗಿದ ಹಾಗೇ. ಮೇಡಂ ಹರಿಹರದ ತಮ್ಮ ಮನೆಯಿಂದ ಬಸ್ಸಿನಲ್ಲಿ ತಂದ ಡಬ್ಬಿಯ ಚಪಾತಿಯನ್ನು ಅವರೆದುರೇ ತಿನ್ನಬೇಕು, ಆಮೇಲೆ ಪಾಠ. ದಾವಣಗೆರೆಯಲ್ಲಿ ನಮ್ಮ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಅವರು ಕಲಿಸುತ್ತಿದ್ದದ್ದು ರೋಗನಿರೋಧಕ ಶಕ್ತಿಯ ವಿಷಯ.

ನಾನು ಹಿಂದಿನ ಬೆಂಚಿನಿಂದ "ಆತ್ರಿ" ಎಂದು ಸುಳ್ಳು ಹೇಳಿ ಪಾರಾಗುತ್ತಿದ್ದೆ. ಸೀಟು ಸಿಕ್ಕಾಗ ಕುಕ್ಕುವಾಡದ ನಮ್ಮ ಮನೆಯವರೆಲ್ಲ ಹಿಗ್ಗಿ ಹೀರೇಕಾಯಿಯಾಗಿದ್ದರು. ಬಂದು ನೋಡಿದರೆ ಪುಸ್ತಕವೆಲ್ಲ ಇಂಗ್ಲಿಷು, ಹಾಸ್ಟೆಲಿನಲ್ಲಿ ಮಾತಾಡಿಸುವವರು ಒಬ್ಬರಿಲ್ಲ. ಒಂದು ದಿನ ಟ್ರಂಕು ಎತ್ತಿಕೊಂಡು ಊರಿಗೆ ಹೋದವಳು ಕಾಲೇಜಿನ ಸಹವಾಸವೇ ಸಾಕೆಂದು ಕೂತುಬಿಟ್ಟೆ.

ಆ ಭಾನುವಾರ ನಮ್ಮ ಕಟ್ಟೆಯ ಮೇಲೆ ಮೇಡಂ! ಚಹಾ ಕುಡಿದು, ಅವ್ವನ ಜೊತೆ ಶೇಂಗಾ ಸುಲಿಯುತ್ತ, "ಇವಳು ತಪ್ಪಿಸಿಕೊಂಡ ಪಾಠ ಹೇಳಿ ಹೋಗೋಣ ಅಂತ ಬಂದೆ" ಎಂದರು.

"ಮೈಯಾಗೆ ಟಿ ಕೋಶ ಅಂತ ಕಾವಲುಗಾರರು ಅದಾವೆ. ಬ್ಯಾರೆ ಕೋಶವೊಂದು ವೈರಿ ಗುರುತು ತೋರಿಸಿದ್ರೆ ಎದ್ದು ನಿಲ್ತಾವೆ. ಅಷ್ಟಕ್ಕೇ ಬದುಕಂಗಿಲ್ಲ. ಗುರುತು ತೋರಿಸಿದ ಕೋಶ ಇನ್ನೊಂದು ಕೈ ಚಾಚಿ ಮುಟ್ಟಬೇಕು. ಮುಟ್ಟಿದ್ರೆ ಟಿ ಕೋಶದ ಒಳಗೆ ಸಾವು ತಡೆಯೋ ಪ್ರೋಟೀನು ಹೆಚ್ಚಾಗ್ತಾವೆ, ಒಂದಿದ್ದದ್ದು ಸಾವಿರ ಆಗ್ತೈತೆ. ಮುಟ್ಟಲಿಲ್ಲ ಅಂದ್ರೆ ಮಂಕಾಗಿ ಕೂತ್ಬಿಡ್ತೈತೆ, ಇಲ್ಲ ಸತ್ತೇ ಹೋಗ್ತೈತೆ."

ಅವ್ವ ಶೇಂಗಾ ಬಿಟ್ಟು ಹೇಳಿದಳು: "ಮತ್ತೆ? ಲಗ್ನದ ಕಾರ್ಡು ಒಂದನ್ನೇ ಒಗೆದು ಹೋದ್ರೆ ಯಾರು ಬರ್ತಾರ್ರಿ? ಕುಂಕುಮ ಹಚ್ಚಿ ಬರ್ರಿ ಅನ್ಬೇಕು. ಬಂದೋರಿಗೆ ಊಟಕ್ಕೆ ಕೂಡ್ರಿ ಅನ್ನೋರಿಲ್ಲ ಅಂದ್ರೆ ಚಪ್ಪಲಿ ಮೆಟ್ಕೊಂಡು ಹೋಗೇಬಿಡ್ತಾರೆ."

ಮೇಡಂ ನಕ್ಕರು. "ಇವಳಿಗೆ ಸೀಟು ಕೊಟ್ಟು ಸುಮ್ಮನಾದೋರು ನಾವು. ತಪ್ಪು ನಮ್ಮದೇ ಐತೆ" ಎಂದು ನಮ್ಮ ಅವ್ವನ ಭರಣಿಯಿಂದಲೇ ನನ್ನ ಹಣೆಗೆ ಕುಂಕುಮ ಹಚ್ಚಿ, "ನಾಳೆ ಬರ್ರಿ" ಎಂದರು. ಶಿಷ್ಯೆಗೆ ಬರ್ರಿಯಂತೆ! ಹೋಗದೆ ಹೇಗಿರಲಿ? ಪರೀಕ್ಷೆಯಲ್ಲಿ ಟಿ ಕೋಶದ ಪ್ರಶ್ನೆಗೆ ಲಗ್ನದ ಊಟವನ್ನೇ ಬರೆದು ಬಂದೆ. ಪಾಸಾದೆ.

ಈಗ ದಾವಣಗೆರೆಯಲ್ಲೇ ಎಂ.ಸಿ.ಸಿ. ಬಡಾವಣೆಯ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದೇನೆ. ಹೋದ ವರ್ಷ ಮೇಡಂಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಚಿಕಿತ್ಸೆಯಿಂದ ಅವರದೇ ಕಾವಲುಗಾರರು ಕಡಿಮೆಯಾಗಿ, ಯಾರೂ ಹತ್ತಿರ ಹೋಗಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಊರನ್ನೆಲ್ಲ ಮಾತಾಡಿಸಿದವರನ್ನು ಮಾತಾಡಿಸುವವರಿಲ್ಲವಲ್ಲ! ಹರಿಹರಕ್ಕೆ ಹೋಗಿ ಅವರ ಮನೆಯ ಗೇಟಿನಿಂದಲೇ ಕೂಗಿದೆ.

ಕಿಟಕಿಗೆ ಬಂದರು. "ಒಳಗೆ ಬರಬ್ಯಾಡ. ಅಲ್ಲೇ ನಿಂತು ಮಾತಾಡು." ಲ್ಯಾಬಿನ ಸುದ್ದಿಯೆಲ್ಲ ಬೀದಿಗೆ ಕೇಳುವಂತೆ ಹೇಳಿದೆ. ಹೊರಡುವಾಗ ಕೇಳಿದರು, "ಊಟ ಆತಾ?"

"ಆತ್ರಿ."

"ಹಿಂದಿನ ಬೆಂಚಿನಾಗಿಂದ್ಲೂ ಹಿಂಗೇ ಸುಳ್ಳು ಹೇಳ್ತೀಯಲ್ಲ. ನಿಲ್ಲು." ಅವರ ತಂಗಿ ಗೇಟಿಗೆ ಡಬ್ಬಿ ತಂದುಕೊಟ್ಟರು.

ಆ ಡಬ್ಬಿ ಮರಳಿಸಲು ಹೋಗುವಷ್ಟರಲ್ಲಿ ಮೇಡಂ ಇರಲಿಲ್ಲ. ಗೇಟಿನಲ್ಲೇ ನಿಂತಿದ್ದ ನನ್ನನ್ನು ಅವರ ತಂಗಿ ಕೈಹಿಡಿದು ಒಳಗೆ ಕರೆದುಕೊಂಡರು. "ಊಟ ಆತಾ?" ಎಂದರು.

ಇಲ್ಲ ಎಂದೆ.