ಪರದೆಯಾಚೆ ಮುಳುಗುವ ಹಡಗು

ಬೆಳಕು ಹರಿಯುವ ಹೊತ್ತಿಗೆ ಗುಡುಗಣ್ಣ ಹಡಗು ಮುಳುಗಿಸುತ್ತಿದ್ದಾರೆ. ಹಿತ್ತಲ ಕೋಣೆಯಲ್ಲಿ ನೀರು ತುಂಬಿದ ಡ್ರಮ್ಮು, ಅದರ ಪಕ್ಕ ಹಳೆಯ ಕಬ್ಬಿಣದ ಮಂಚ. ಮಂಚದ ಕಾಲನ್ನು ಡ್ರಮ್ಮಿನ ಅಂಚಿಗೆ ಉಜ್ಜಿದರೆ ‘ಕ್ರ್‌ರ್‌ರೀಂ’. ಬಿಂದಿಗೆಯನ್ನು ಬೋರಲಾಗಿ ನೀರಿಗೆ ಅದುಮಿ ವಾಲಿಸಿದರೆ ‘ಬುಳುಬುಳುಬುಳುಕ್’. ಎರಡನ್ನೂ ಜೋಡಿಸುವ ಉಪಾಯ ಹೊಳೆದದ್ದು ನಿನ್ನೆ. ಆಗಿನಿಂದ ಅವರ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ನಾಟಕದವರಿಗೆ ಸದ್ದು ಮಾಡಿಕೊಡುವುದು ಇವರ ಕಸುಬು. ಗುಡುಗು, ಕುದುರೆ, ಮುರಿಯುವ ಮೂಳೆ ಎಲ್ಲ ಇವರವೇ. ಊರಿನ ಕಿವಿಗೆಲ್ಲ ಬಿದ್ದಿದ್ದಾರೆ, ಕಣ್ಣಿಗೆ ಬಿದ್ದಿಲ್ಲ. ಇವತ್ತು ಸಂಜೆ ಹೊಸ ನಾಟಕ, ಅದರಲ್ಲಿ ಹಡಗೊಂದು ಮುಳುಗಬೇಕು. ನಿರ್ದೇಶಕರು ಬೆಳಿಗ್ಗೆಯೇ ಬಂದು ಕೇಳುತ್ತಾರೆ. ಹಿಡಿಸದಿದ್ದರೆ ರೆಕಾರ್ಡ್ ಮಾಡಿದ ಸದ್ದು ಹಾಕುತ್ತಾರಂತೆ. ಮುಂದಿನ ನಾಟಕಗಳಿಗೂ ಅದೇ.

ಮೊದಲ ಪರೀಕ್ಷೆ ಮನೆಯಲ್ಲೇ. ಹೆಂಡತಿ ಪರದೆಯಾಚೆ ಕೂರುತ್ತಾರೆ. ಅದು ಯಾವ ಸದ್ದು ಎಂದು ಮೊದಲೇ ಹೇಳುವಂತಿಲ್ಲ. ಪರದೆ ಯಾಕೆಂದು ಕೇಳಿದವರಿಗೆ ಗುಡುಗಣ್ಣ ಹೇಳುತ್ತಾರೆ:

“ಮುಂಚೆ ಎದುರಿಗೇ ಕೂರಿಸ್ತಿದ್ದೆ. ನನ್ನ ಮುಖ ನೋಡಿ ಪಾಪ, ‘ಆಹಾ’ ಅಂದುಬಿಡ್ತಿದ್ಲು. ಹಂಗೇ ಒಂದ್ಸಲ ಕಾಡ್ಗಿಚ್ಚು ಪಾಸಾಯ್ತು. ಸ್ಟೇಜ್ ಮೇಲೆ ಕಾಡು ಹೊತ್ತಿ ಉರೀತಿದ್ರೆ, ಜನ ಯಾರೋ ಎಣ್ಣೇಲಿ ಏನೋ ಕರೀತಿದಾರೆ ಅಂತ ನಗೋದಾ!”

ಉಪಾಯ ಹೊಳೆದ ದಿನ ಮಾತ್ರ ಆಕೆಗೂ ಪ್ರವೇಶವಿಲ್ಲ. “ಅದು ಕುಣಿಯೋ ದಿನ. ಅವತ್ತೇ ತಪ್ಪು ಹುಡುಕಿದ್ರೆ ಕೈಯೇ ಓಡಲ್ಲ.”

ನಿನ್ನೆ ಕುಣಿದಾಗಿದೆ. ಈಗ ಮಂಚ ಕಿರುಗುಟ್ಟುತ್ತದೆ, ಬಿಂದಿಗೆ ಬುಳುಗುಟ್ಟುತ್ತದೆ.

“ಏನು ಕೇಳಿಸ್ತು?”

“ಯಾರಿಗೋ ಹೊಟ್ಟೆ ಕೆಟ್ಟಿದೆ. ಭಾರಿ ಆಸಾಮಿ.”

ಗುಡುಗಣ್ಣನ ಮುಖ ಸಪ್ಪೆಯಾಗುತ್ತದೆ. ಡ್ರಮ್ಮಿನ ನೀರು ಚೆಲ್ಲಲು ಕೈ ಹಾಕುತ್ತಾರೆ.

“ಚೆಲ್ಲಬೇಡಿ ರೀ! ಕೆಟ್ಟಿದೆ ಅಂದಿದ್ದು ಹೊಟ್ಟೆ, ಸದ್ದಲ್ಲ. ಆ ಕಬ್ಬಿಣ ನರಳಿದಾಗ ಮೈ ಜುಂ ಅಂತು. ನೀರಿಗೇ ಅವಸರ, ನಿಮ್ಮ ಹಂಗೆ.”

ಅವರು ಗೊಣಗುತ್ತಲೇ ಬಿಂದಿಗೆಯ ಬಾಯಿಗೆ ಬಟ್ಟೆ ತುರುಕುತ್ತಾರೆ. ಗಾಳಿ ಹೊರಡಲು ಸಣ್ಣ ಸಂದು ಮಾತ್ರ ಬಿಡುತ್ತಾರೆ. ಅಷ್ಟರಲ್ಲಿ ನಿರ್ದೇಶಕರು ಬಂದು, “ಆಯ್ತೇನಪ್ಪಾ?” ಎಂದು ಬಾಗಿಲಲ್ಲೇ ನಿಲ್ಲುತ್ತಾರೆ.

ಮಂಚ ಒಮ್ಮೆ ನರಳುತ್ತದೆ. ಆಮೇಲೆ ಏನೂ ಇಲ್ಲ. ಬಹಳ ಹೊತ್ತಿನ ಮೇಲೆ ಒಂದೇ ಒಂದು ಗುಳ್ಳೆ ಮೇಲೆದ್ದು ಒಡೆಯುತ್ತದೆ.

ನಿರ್ದೇಶಕರು ಬಾಗಿಲಿಂದಲೇ ಕತ್ತು ಚಾಚಿ ಡ್ರಮ್ಮಿನೊಳಗೆ ನೋಡುತ್ತಾರೆ.

“ಏನು ಕೇಳಿಸ್ತೇ?”

“ಅಲ್ಲಾ ರೀ...” ದನಿ ಸಣ್ಣಗಾಗಿದೆ. “ಆ ಹಡಗೊಳಗೆ ಇನ್ನೂ ಜನ ಇದಾರಾ?”

ಗುಡುಗಣ್ಣ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಬಾಗಿಲ ಕಡೆ ತಿರುಗುತ್ತಾರೆ.

“ಸಾರ್, ಮಂಚಕ್ಕೆ ಆ ಕಡೆಯಿಂದ ಒಂದು ಕೈ ಹಾಕಿ. ಗಾಡಿಗೆ ಏರಿಸೋಣ.”