ಲಿಂಕಿನ ಕೊನೆಯ ಅಂಕಿ

ನಾನು ಗೋಕಾಕದ ಒಂದು ದಿನಪತ್ರಿಕೆಯ ವರದಿಗಾರನಾಗಿದ್ದಾಗ, ಎರಡು ಸಾವಿರದ ದಶಕದಲ್ಲಿ, ನಮ್ಮದೂ ಒಂದು ವೆಬ್‌ಸೈಟ್ ಬಂತು. ಶೀರ್ಷಿಕೆ ಒತ್ತಿದರೆ ಲಿಂಕ್ ಆ ಸುದ್ದಿಯ ನಂಬರನ್ನು ಮುಂದಿನ ಪುಟಕ್ಕೆ ಒಯ್ಯುತ್ತಿತ್ತು; ಆ ಪುಟ ನಂಬರ್ ನೋಡಿ ಸುದ್ದಿ ತೆರೆಯುತ್ತಿತ್ತು. ಆ ನಂಬರ್ ಪರದೆಯ ಮೇಲ್ತುದಿಯ ವಿಳಾಸದ ಸಾಲಿನಲ್ಲೇ ಕಾಣುತ್ತಿತ್ತು. ಫೋನ್ ಲೈನಿನ ಇಂಟರ್ನೆಟ್ಟಿನಲ್ಲಿ ಮುಖಪುಟ ಬರಲು ಐದು ನಿಮಿಷ ಬೇಕು. ಅದಕ್ಕೇ ಹುಕ್ಕೇರಿಯ ಸೈಬರ್ ಕೆಫೆಯವನಿಗೆ ನಾನೇ ಹೇಳಿಕೊಟ್ಟಿದ್ದೆ: ಕೊನೆಯ ಅಂಕಿಗೆ ಒಂದು ಕೂಡಿಸಿದರೆ ಮುಂದಿನ ಸುದ್ದಿ ನೇರವಾಗಿ ಬರುತ್ತದೆ.

ಒಂದು ಮಧ್ಯಾಹ್ನ ಅಲ್ಲಿಗೆ ಹೋದಾಗ ಅವನು ನಗುತ್ತ ಎದ್ದ.

“ಬರ್ರಿ ಸರ್. ನಾಳಿನ ಪೇಪರ್ ಇವತ್ತ ಓದಿ ಮುಗಿಸೇವಿ. ಇನ್ನ ನಿಮ್ಮ ಪೇಪರ್ ಯಾರ್ ಕೊಳ್ತಾರ್ರಿ?”

ಪರದೆಯ ಮೇಲೆ ನನ್ನದೇ ಕರಡು ಇತ್ತು. ಮೂಡಲಗಿ ಹತ್ತಿರದ ಶಾಲೆಯೊಂದರ ಬಿಸಿಯೂಟದ ಅಕ್ಕಿ ಮುಖ್ಯ ಶಿಕ್ಷಕರ ಮನೆಗೆ ಹೋಗುತ್ತಿದೆ ಎಂದು ಅಲ್ಲಿ ಅಡುಗೆ ಮಾಡುವ ಹೆಂಗಸು ನನಗೆ ಹೇಳಿದ್ದರು. ಅವರ ಮನೆ ನಡೆಯುತ್ತಿದ್ದುದು ಆ ಕೆಲಸದಿಂದಲೇ. ಹೆಸರು ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಸಂಪಾದಕರು ನೋಡಲೆಂದು ಕರಡಿನಲ್ಲಿ ಮಾತ್ರ ಹೆಸರಿತ್ತು. ಆದರೆ ಕರಡುಗಳಿಗೂ ಅದೇ ಸಾಲಿನ ನಂಬರ್ ಬೀಳುತ್ತಿತ್ತು; ಸುದ್ದಿ ಅಚ್ಚಾಗಿದೆಯೋ ಇಲ್ಲವೋ ಎಂದು ಆ ಪುಟ ಕೇಳುತ್ತಿರಲಿಲ್ಲ. ನಂಬರ್ ಬಂತು, ತೋರಿಸಿತು.

ಕಚೇರಿಗೆ ಫೋನ್ ಮಾಡಿ ಅಳಿಸಲು ಹೇಳಿದೆ. ಹತ್ತು ನಿಮಿಷದಲ್ಲಿ ಪುಟ ಖಾಲಿಯಾಯಿತು.

“ಇದನ್ನ ಮತ್ಯಾರ್ ನೋಡ್ಯಾರ?”

“ಮೂಡಲಗಿ ಕಡೀ ಮಾಸ್ತರ್ ಒಬ್ರು ತಮ್ಮ ಹೆಡ್‌ಮಾಸ್ತರ್‌ಗೆ ತೋರಸ್ತೇನಂತ ಪ್ರಿಂಟ್ ತಗೊಂಡ ಹೋದ್ರಲ್ರಿ. ಯಾಕ್ರಿ ಸರ್, ತಪ್ಪಾತೇನು?”

ಗೋಕಾಕದಲ್ಲಿ ಬಸ್ಸು ಬದಲಿಸಿ ಸಂಜೆ ಆ ಅಡುಗೆಯ ಹೆಂಗಸಿನ ಮನೆ ತಲುಪಿದೆ. ಬೇಳೆ ಆರಿಸುತ್ತ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿದೆ, ಅಂಕಿಯ ಉಪಾಯ ಕಲಿಸಿದವನು ನಾನೇ ಎಂಬುದನ್ನೂ.

“ಪೇಪರನಾವ್ರಿಗೆ ಏನೂ ಹೇಳಬ್ಯಾಡಂತ ನಮ್ಮ ತಂಗಿ ಬಡ್ಕೊಂಡ್ಲು,” ಎಂದರು. ಮೊರದಿಂದ ಒಂದು ಕಲ್ಲು ಆರಿಸಿ ಬದಿಗೆ ಹಾಕಿದರು.

“ಸುದ್ದಿ ತಡಿಯೂನೇನ್ರಿ ಅಕ್ಕಾರ?”

“ತಡದ್ರ ನನ್ನ ಹೆಸರ ಹೆಡ್‌ಮಾಸ್ತರ್‌ಗೆ ಅಷ್ಟ ಗೊತ್ತಿರತೈತಿ. ಯಾರಿಗೂ ತಿಳೀದಂಗ ನನ್ನ ಕೆಲಸದಿಂದ ತಗೀತಾರ. ಊರೆಲ್ಲಾ ಓದಿದ್ರ ತಗ್ಯಾಕ ಹತ್ತ ಸಲ ವಿಚಾರ ಮಾಡ್ತಾರ. ಹೆಸರ ಹಾಕ್ರಿ. ಮನಿತನದ ಅಡ್ಡಹೆಸರ ಸುದ್ದಾ ಹಾಕ್ರಿ.”

ಎದುರಿನ ಅಂಗಡಿಯ ಫೋನಿನಿಂದ ಕಚೇರಿಗೆ ಸುದ್ದಿಯನ್ನೂ ಹೆಸರನ್ನೂ ಬರೆಸಿದೆ. ಅವರು ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು.

ಮರುದಿನ ಸುದ್ದಿ ಹೆಸರಿನೊಂದಿಗೆ ಅಚ್ಚಾಗಿ ಬಂತು. ನಾನು ಶಾಲೆಯ ಗೇಟಿನ ಬಳಿ ನಿಂತಿದ್ದೆ. ಹತ್ತೂವರೆಗೆ ಅಡುಗೆ ಕೋಣೆಯಿಂದ ಹೊಗೆ ಎದ್ದಿತು. ಒಲೆ ಹಚ್ಚಿದವರು ಅವರೇ. ಮುಖ್ಯ ಶಿಕ್ಷಕರು ಅಂದು ರಜೆ ಹಾಕಿದ್ದರು.