ಮುಚ್ಚಳ ಬಿಚ್ಚಿಸುವ ಉಷಾರಾಣಿ

ಬೆಟ್ಟದಪುರದ ಪೇಟೆಬೀದಿಯಲ್ಲಿ ಹಿಟ್ಟಿನ ಗಿರಣಿ ಶುರುವಾಗಲು ಇನ್ನೂ ಹೊತ್ತಿದೆ. ಬೆಟ್ಟದ ನೆತ್ತಿಗೆ ಬೆಳಕು ತಗುಲಿದೆ, ಬೀದಿಗೆ ಇಳಿದಿಲ್ಲ. ಗಿರಣಿಗೆ ಅಂಟಿಕೊಂಡ ಸಣ್ಣ ಅಂಗಡಿಯಲ್ಲಿ ಉಷಾರಾಣಿ ನೆಲಕ್ಕೆ ರಟ್ಟು ಹಾಸಿ, ಕಂಪ್ಯೂಟರಿನ ಮುಚ್ಚಳ ತೆಗೆದ ಡಬ್ಬವನ್ನು ಅದರ ಮೇಲೆ ಮಲಗಿಸಿಕೊಂಡು ಕೂತಿದ್ದಾರೆ. ಎದುರಿಗೆ ಕಂಠಪ್ಪ. ಪಿರಿಯಾಪಟ್ಟಣದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವರು, ಜೊತೆಗೆ ಹೊಗೆಸೊಪ್ಪಿನ ಬೇಸಾಯವೂ ಇದೆ. ಅವರ ಕೈಯಲ್ಲಿ ಬೆರಳುದ್ದದ ಮೆಮೊರಿ ಪಟ್ಟಿ. ಯಾರೋ ಎಳೆಗೂಸನ್ನು ಕೈಗೆ ಕೊಟ್ಟು ಹೋದಂತೆ ಹಿಡಿದಿದ್ದಾರೆ.

“ಒತ್ತಿ, ಕಂಠಪ್ಪನೋರೆ.”

“ಮುರ್ದೋದ್ರೆ?”

“ಹೊಗೆಸೊಪ್ಪು ತುಳಿದು ಬೇಲು ಕಟ್ಟಿದೋರು ನೀವು. ಇದಕ್ಕೆ ಹೆದರ್ತೀರಾ?”

“ಅಲ್ಲಮ್ಮ, ಕಾಸು ಕೊಡೋನೂ ನಾನೆ, ಕೆಲ್ಸ ಮಾಡೋನೂ ನಾನೆ. ನೀವ್ಯಾಕೆ ಕೂತಿರೋದು?”

“ನೀವು ಎದ್ದು ಓಡೋಗದಂಗೆ ನೋಡ್ಕೊಳ್ಳೋಕೆ.”

ಕಂಠಪ್ಪ ಹಲ್ಲು ಕಚ್ಚಿ ಒತ್ತುತ್ತಾರೆ. ಟಕ್ ಎಂದು ಪಟ್ಟಿ ತನ್ನ ಜಾಗದಲ್ಲಿ ಕೂರುತ್ತದೆ. ಅವರ ಮುಖ ನೋಡಬೇಕು. ಮೊದಲ ಸಲ ಸೈಕಲ್ ಬ್ಯಾಲೆನ್ಸ್ ಸಿಕ್ಕ ಹುಡುಗನ ಮುಖ.

ಉಷಾರಾಣಿಯವರ ಕೆಲಸವೆಲ್ಲ ಈ ಹೊತ್ತಿನಲ್ಲೇ. ಗಿರಣಿ ತಿರುಗಿತೆಂದರೆ ಹಿಟ್ಟಿನ ಧೂಳು ಏಳುತ್ತದೆ, ಕರೆಂಟು ಏರಿಳಿಯುತ್ತದೆ. ಹಾಗಾಗಿ ಕಾಫಿಗೂ ಮೊದಲು ಅಂಗಡಿಯ ಬಾಗಿಲು ತೆಗೆಯುತ್ತಾರೆ. ವಾರಕ್ಕೆ ಎರಡೋ ಮೂರೋ ಕಂಪ್ಯೂಟರು. ಹೆಚ್ಚು ಮಾಡಲು ಕೈಲಾಗದೆಂದಲ್ಲ, ಅವರದೊಂದು ಹಟವಿದೆ. ಕೊಳ್ಳುವವರು ತಮ್ಮ ಕೈಯಾರೆ ಒಮ್ಮೆ ಪೂರ್ತಿ ಬಿಚ್ಚಿ, ಮತ್ತೆ ಪೂರ್ತಿ ಜೋಡಿಸಬೇಕು. ಅಲ್ಲಿಯವರೆಗೆ ಯಂತ್ರ ಅಂಗಡಿ ಬಿಟ್ಟು ಹೊರಡುವುದಿಲ್ಲ. ಎಷ್ಟೋ ಜನ ರೇಗಿ ಎದ್ದು ಹೋಗಿದ್ದಾರೆ. “ಹೋಗ್ಲಿ ಬಿಡಿ. ರೆಡಿಮೇಡ್ ಕೆಟ್ಟದ್ದು ಅಂತ ನಾನು ಯಾವತ್ತೂ ಅಂದಿಲ್ಲ. ಪೆಟ್ಟಿಗೆ ತಂದು ಪ್ಲಗ್ ಚುಚ್ಚಿದ್ರೆ ಸಾಕು ಅನ್ನೋರಿಗೆ ಅದೇ ಸರಿ. ನಾನೇ ಎಷ್ಟೋ ಜನಕ್ಕೆ ಮೈಸೂರಿನ ಅಂಗಡಿ ಹೆಸರು ಹೇಳಿ ಕಳಿಸಿದೀನಿ” ಎನ್ನುತ್ತಾರೆ.

ಅವರು ಕಲಿತದ್ದು ಸತ್ತ ಯಂತ್ರಗಳಿಂದ. ಮದುವೆಯಾದ ಹೊಸತರಲ್ಲಿ ಪಿರಿಯಾಪಟ್ಟಣದ ಒಂದು ತರಬೇತಿ ಕೇಂದ್ರದಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದರು. ಕೇಂದ್ರ ಮುಚ್ಚಿದಾಗ ಮೂಲೆಯಲ್ಲಿ ಕೆಟ್ಟು ಬಿದ್ದಿದ್ದ ಕಂಪ್ಯೂಟರುಗಳನ್ನು ಯಾರೂ ಮುಟ್ಟಲಿಲ್ಲ. ಇವರು ಕೇಳಿ, ಆಟೋದಲ್ಲಿ ಹೇರಿಕೊಂಡು ಮನೆಗೆ ತಂದರು. ಅತ್ತೆ ನೀಲಾಂಬಿಕೆ ಬಾಗಿಲಲ್ಲೇ ತಡೆದು, “ಇದೇನು ಗುಜರಿಯೋನ ಮನೆ ಅನ್ಕೊಂಡ್ಯಾ?” ಎಂದರಂತೆ. ಒಂದರ ತಲೆ, ಇನ್ನೊಂದರ ಕೈಕಾಲು ಸೇರಿಸಿ ಕೂಡಿಸಿ, ಮಳೆಗಾಲ ಮುಗಿಯುವುದರೊಳಗೆ ಅವುಗಳಲ್ಲಿ ಒಂದು ಬದುಕಿತು. ಪತಿ ಗೌರೀಶ್‌ಗೆ ದಿನಸಿ ಅಂಗಡಿ. ಹೆಂಡತಿಯ ಬಗ್ಗೆ ಹೆಮ್ಮೆಯಿದೆ, ದೂರೂ ಇದೆ: “ತಾಲ್ಲೂಕಿನ ಕಂಪ್ಯೂಟರೆಲ್ಲ ಸರಿಮಾಡ್ತಾಳೆ ಕಣ್ರೀ. ಮನೇಲಿ ಮಿಕ್ಸಿ ಕೆಟ್ಟು ಯುಗ ಆಯ್ತು.”

ಆದರೂ ಜೋಡಿಸಿದ ಕಂಪ್ಯೂಟರೆಂದರೆ ಮೂಗು ಮುರಿಯುವವರೇ ಹೆಚ್ಚು. ಉಷಾರಾಣಿಯವರ ಹೆಸರು ಅಳಿವು ಉಳಿವಿನ ತಕ್ಕಡಿಯಲ್ಲಿ ತೂಗಿದ್ದು ಗುರುಪುರದ ಆಚೆಗಿನ ಹಳ್ಳಿಯೊಂದರ ಮಹಿಳಾ ಹಾಲಿನ ಸಂಘದಲ್ಲಿ.

ಸಂಘದಲ್ಲಿ ಮೊದಲು ರೆಡಿಮೇಡ್ ಕಂಪ್ಯೂಟರ್ ಇತ್ತು. ಅದು ಬಂದ ದಿನ ಅಧ್ಯಕ್ಷೆ ಚಿಕ್ಕಬೀರಮ್ಮ ಆರತಿ ಎತ್ತಿದರು, ಹೊಸದು ಮಾಸಬಾರದೆಂದು ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಹಾಗೇ ಉಳಿಸಿದರು, ಸಾಲದ್ದಕ್ಕೆ ಹಳೇ ಸೀರೆಯಲ್ಲಿ ದಪ್ಪನೆಯ ಗವಸು ಹೊಲಿಸಿ ತೊಡಿಸಿದರು. ಯಂತ್ರ ಗವಸಿನೊಳಗೇ ಓಡಿತು, ಒಳಗೊಳಗೇ ಕಾದಿತು. ಗ್ಯಾರಂಟಿ ಸೀಲು ಒಡೆಯಬಾರದೆಂದು ಯಾರೂ ಮುಚ್ಚಳ ಮುಟ್ಟಲಿಲ್ಲ. ಒಂದು ಬೆಳಿಗ್ಗೆ ಉಸಿರು ನಿಂತಿತು. ರಿಪೇರಿಗೆ ಹೋದದ್ದು ವಾಪಸು ಬರುವ ತನಕ ಹಾಲಿನ ಲೆಕ್ಕ ಬಾಯಲ್ಲೇ ನಡೆದು, ನನ್ನ ಎಮ್ಮೆ ಹಾಲಿಗೆ ಇಷ್ಟೇ ಜಿಡ್ಡಾ ಎಂದು ದಿನಾ ಜಗಳ. “ಯಂತ್ರದ್ದೇನೂ ತಪ್ಪಿಲ್ಲ. ಪ್ರೀತಿ ಹೆಚ್ಚಾಗಿ ಉಸಿರು ಕಟ್ಟಿಸಿದ್ರು” ಎಂದು ಉಷಾರಾಣಿ ನಗುತ್ತಾರೆ.

ಅದು ಮತ್ತೆ ಕೆಟ್ಟು ಮೂಲೆ ಸೇರಿದ ಮೇಲೆ, ಹೊಸದನ್ನು ಉಷಾರಾಣಿಯವರೇ ಜೋಡಿಸಿಕೊಡುವ ಮಾತಾಯಿತು. ಹಾಲು ಅಳೆಯುವ ಸಾಕಮ್ಮ ಬೆಟ್ಟದಪುರಕ್ಕೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿಚ್ಚಿ ಕಟ್ಟಿ ಕಲಿತು ಹೋದರು. ಸಂಘದ ಲೆಕ್ಕ ತಪಾಸಣೆಗೆ ಬರುವ ನಂಜುಂಡೇಶ್ ಮಾತ್ರ ಒಪ್ಪಲಿಲ್ಲ. “ಇದು ಕೆಟ್ಟು ಒಂದು ದಿನ ಹಾಲು ಹಾಳಾದ್ರೂ ಮುಗೀತು. ಎತ್ತಿ ಆಚೆ ಇಟ್ಟು ಕಂಪನಿದೇ ತರೋದು” ಎಂದು ಸಭೆಯಲ್ಲೇ ಹೇಳಿದರು. ಚಿಕ್ಕಬೀರಮ್ಮನೂ ಹೂಂ ಅಂದರು. ಅಂಗಡಿ ತೆರೆದಾಗಿನಿಂದ ಉಷಾರಾಣಿ ಕೈಹಾಕಿದ ದೊಡ್ಡ ಕೆಲಸ ಅದು. ಅಲ್ಲಿ ಸೋತರೆ ಸುತ್ತಿನ ಯಾವ ಸಂಘವೂ ತಮ್ಮ ಬಾಗಿಲಿಗೆ ಬಾರದೆಂದು ಅವರಿಗೆ ಗೊತ್ತಿತ್ತು.

ಆ ದಿನವೂ ಬಂತು. ಉಷಾರಾಣಿ ಕೆ.ಆರ್. ನಗರದ ಮೊದಲ ಬಸ್ಸಿನಲ್ಲಿ ಕೂತಿದ್ದಾರೆ. ಸಾಕಮ್ಮನ ಫೋನು. ರಾತ್ರಿ ಹೋದ ಕರೆಂಟು ಬೆಳಿಗ್ಗೆ ಢಂ ಎಂದು ಬಂದು, ಕಂಪ್ಯೂಟರ್ ಕಣ್ಣು ಮುಚ್ಚಿದೆ. ಹಳೇ ಜಗಳ ನೆನೆದು ಬಾಯಿಲೆಕ್ಕಕ್ಕೆ ಯಾರೂ ಒಪ್ಪುತ್ತಿಲ್ಲ, ಕ್ಯಾನು ಹಿಡಿದವರ ಸಾಲು ರಸ್ತೆಗೆ ಬಂದಿದೆ. ಹಾಲಿನ ಲಾರಿ ಬರುವ ಹೊತ್ತು. ಎದ್ದು ಬಸ್ಸು ನಿಲ್ಲಿಸಿ ಇಳಿದರೂ ಅಲ್ಲಿಗೆ ಮುಟ್ಟುವಂತಿಲ್ಲ.

“ಸುಟ್ಟ ವಾಸ್ನೆ ಬರ್ತಿದ್ಯಾ ಸಾಕಮ್ಮ?”

“ಬತ್ತಾ ಅದೆ. ಇಂದ್ಗಡೆ ಕರೆಂಟ್ ಡಬ್ಬೀಲಿ.”

“ಮೊದ್ಲು ಪ್ಲಗ್ ಕೀಳು.”

“ಕಿತ್ತಾಯ್ತು. ಮುಚ್ಚಳಾನೂ ಬಿಚ್ಚಾಯ್ತು.”

“ಬೀರುವಲ್ಲಿ ಇನ್ನೊಂದು ಡಬ್ಬಿ ಇಟ್ಟಿದೀನಿ ನೋಡು. ದಪ್ಪ ವೈರು ಮೊದ್ಲು—”

“ಅಕ್ಕಾ, ಫೋನ್ ಮಡುಗ್ರಿ. ಎಲ್ಡು ಕೈಯೂ ಬೇಕು ನಂಗೆ.”

ಫೋನು ಕಟ್ ಆಯಿತು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ಏನಿತ್ತೆಂಬುದು ಉಷಾರಾಣಿಗೆ ಇಂದಿಗೂ ನೆನಪಿಲ್ಲ. ಕೆ.ಆರ್. ನಗರದ ನಿಲ್ದಾಣದಲ್ಲಿ ಇಳಿದ ಮೇಲೂ ತಿರುಗಿ ಫೋನು ಮಾಡಲು ಧೈರ್ಯ ಬರಲಿಲ್ಲ. ಕಡೆಗೆ ಮಾಡಿದ್ದು ಚಿಕ್ಕಬೀರಮ್ಮ. “ಎಲ್ಲಿದ್ದೀಯವ್ವ? ಲಾರಿ ಆಗ್ಲೇ ಓಯ್ತು. ಒಂದ್ ತೊಟ್ಟು ಆಲೂ ಕೆಟ್ಟಿಲ್ಲ. ನಮ್ ಸಾಕಿ ಅದ್ರ ಒಟ್ಟೇನೇ ಬಗ್ದು ಎಬ್ಬುಸ್ಬುಟ್ಲು ಕಣವ್ವ!” ಅವರ ಹಿಂದಿನಿಂದ ಹೆಂಗಸರ ಗದ್ದಲ, ನಗು, ಯಾರೋ ಸಿಳ್ಳೆ ಹೊಡೆದ ಸದ್ದು. ಉಷಾರಾಣಿ ಬಸ್‌ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಗಳಗಳನೆ ಅತ್ತರು. ಬಾಳೆಹಣ್ಣು ಮಾರುವವಳು ಹತ್ತಿರ ಬಂದು, ಯಾರು ತೀರಿಕೊಂಡರೆಂದು ವಿಚಾರಿಸಿದಳಂತೆ.

ಮುಂದಿನ ಸಭೆಯಲ್ಲಿ ಕಂಪನಿಯ ಮಾತು ಏಳಲಿಲ್ಲ. ಬದಲಿಗೆ ಸಂಘಕ್ಕೆ ಇನ್ನೊಂದು ಕಂಪ್ಯೂಟರ್ ಬೇಕೆಂದಾಯಿತು. ಅದನ್ನು ಯಾರು ಜೋಡಿಸಬೇಕೆಂಬ ಮಾತಿಗೆ ಸಾಕಮ್ಮ, “ಯಾರ್‌ನ್ಯಾಕೆ ಕೇಳೀರಿ? ಬಿಡಿ ಸಾಮಾನು ತಂದ್ಕೊಡಿ, ನಾವೇ ಮಾಡ್ತೀವಿ” ಎಂದು ಎದ್ದು ನಿಂತರು. ಈಗ ಸುತ್ತಿನ ಹಳ್ಳಿಗಳ ಸಂಘದ ಹೆಂಗಸರು ಒಬ್ಬೊಬ್ಬರಾಗಿ ಬೆಟ್ಟದಪುರದ ಬಸ್ಸು ಹತ್ತುತ್ತಿದ್ದಾರೆ. ಕಾಡಂಚಿನ ವೀರನಹೊಸಹಳ್ಳಿ ಕಡೆಯಿಂದಲೂ ಬಂದಿದ್ದಾರೆ.

ಸಾಕಮ್ಮ ಕಟ್ಟಿದ ಕಂಪ್ಯೂಟರ್ ಚಾಲೂ ಮಾಡುವ ದಿನ ಉಷಾರಾಣಿಯವರನ್ನು ಕರೆದದ್ದು ಊಟಕ್ಕೆ ಮಾತ್ರ. ಕುರ್ಚಿ ಹಾಕಿ ಕೂರಿಸಿ, ಕೈಗೆ ಪಾಯಸದ ಲೋಟ ಕೊಟ್ಟರು. ಇವರು ಸುಮ್ಮನಿರಲಾರದೆ ಟಾರ್ಚು ಹಿಡಿದು ಒಳಗೆ ಇಣುಕಿದರಂತೆ.

“ಒಂದು ವೈರು ನಾನಾಗಿದ್ರೆ ಬೇರೆ ಕಡೆಯಿಂದ ಸುತ್ತಿ ತರ್ತಿದ್ದೆ. ಹೇಳೋಣ ಅಂತ ಬಾಯಿವರೆಗೂ ಬಂತು” ಎನ್ನುತ್ತಾರೆ ಉಷಾರಾಣಿ. “ಇನ್ನೊಂದು ಸಲ ನೋಡ್ದೆ. ಅವಳು ಕಟ್ಟಿದ್ದೇ ಚೆನ್ನಾಗಿತ್ತು ಕಣ್ರೀ. ಪಾಯಸ ಕುಡಿದು ಬಂದೆ.”